ಬಾವಿಯ ನೀರಿನಲ್ಲಿ ವಿಕಿರಣ: ಬಂಡೆಯಿಂದಲೋ, ಅಣುಸ್ಥಾವರದಿಂದಲೋ?

ಮೈಸೂರಿನ ನಜರ್‌ಬಾದಿನಲ್ಲಾಗಲಿ ಸುತ್ತಣ ಗ್ರಾಮಗಳಲ್ಲಾಗಲಿ ಕೊಳವೆ ಬಾವಿಯ ನೀರಿನಲ್ಲಿ ವಿಕಿರಣದ್ರವ್ಯವಿದೆಯೆಂದು ಕೇಳಿದೊಡನೆ ಜನರು ಅಣುಸ್ಥಾವರವನ್ನು ಶಂಕಿಸುವುದು ಸಹಜ. ಕಾರಣವನ್ನು ತಪ್ಪಾಗಿ ತಿಳಿದರೆ ಪರಿಹಾರವೂ ತಪ್ಪುವುದು. ಆದಕಾರಣ ಗ್ರಾಮದ ಯಜಮಾನರೂ ಜಮೀನುದಾರರೂ ಇವೆರಡರ ಭೇದವನ್ನು ಅರಿತಿರುವುದು ಅವಶ್ಯಕ.

ಕರ್ಣಾಟಕದ ಅಣುವಿದ್ಯುತ್ ಸ್ಥಾವರವು ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳೀ ನದಿಯ ದಡದಲ್ಲಿರುವುದು. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳುಂಟು. ಕಾಳಿಯು ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುವುದು; ಮೈಸೂರಾದರೋ ಕಾವೇರಿಯ ಜಲಾನಯನಕ್ಕೆ ಸೇರಿದುದು. ಅಲ್ಲಿಯ ನೀರು ಇಲ್ಲಿಯ ಬಾವಿಗೆ ಬರುವ ಮಾರ್ಗವಿಲ್ಲ.

ನೀರಿನಲ್ಲಿರುವ ದ್ರವ್ಯವೇ ಅದರ ಮೂಲವನ್ನು ಹೇಳುವುದು. ಕೈಗಾದಂತಹ ಭಾರಜಲದ ಸ್ಥಾವರದಿಂದ ಸೋರಿದುದಾದರೆ, ಮಳೆನೀರಿನಲ್ಲಿರುವುದಕ್ಕಿಂತ ಹೆಚ್ಚಿನ ಟ್ರಿಟಿಯಂ ಮುಖ್ಯವಾಗಿ ಕಾಣಬೇಕು. ಇದು ಸುಮಾರು 12 ವರ್ಷಗಳಲ್ಲಿ ಅರ್ಧದಷ್ಟಾಗುವುದು. ಬಂಡೆಯಿಂದ ಬಂದುದಾದರೆ ಯುರೇನಿಯಂ, ರೇಡಿಯಂ, ಹಾಗೂ ರೇಡಾನ್ ಎಂಬ ಅನಿಲ ಕಾಣುವುವು. ಮೈಸೂರಿನ ಬಳಿಯ ರತ್ನಹಳ್ಳಿಯಲ್ಲಿ ಯುರೇನಿಯಂ ಸಂಸ್ಕರಿಸುವ ಸರ್ಕಾರೀ ಸ್ಥಾವರವಿರುವುದರಿಂದ ಸಂದೇಹ ಬರಬಹುದು. ಇದಕ್ಕೂ ಪರೀಕ್ಷೆಯುಂಟು: ನೈಸರ್ಗಿಕ ಯುರೇನಿಯಂನಲ್ಲಿ ಯುರೇನಿಯಂ-235 ಎಂಬ ಅಂಶವು ನೂರಕ್ಕೆ 0.72 ಮಾತ್ರ. ಯುರೇನಿಯಂನ ಪುಷ್ಟೀಕರಣದಿಂದ ಈ ಪ್ರಮಾಣವು ವ್ಯತ್ಯಾಸವಾಗುವುದು.

ದಕ್ಷಿಣ ಕರ್ಣಾಟಕದ ನೆಲದಡಿಯಲ್ಲಿ ನೈಸ್ ಮತ್ತು ಗ್ರಾನೈಟ್ ಶಿಲೆಗಳೇ ಹೆಚ್ಚು. ಚಾಮುಂಡಿ ಬೆಟ್ಟವೂ ಗ್ರಾನೈಟಿನದೇ. ಗ್ರಾನೈಟಿನಲ್ಲಿ ಸ್ವಭಾವತಃ ಯುರೇನಿಯಂ ಉಂಟು. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುವುದು. 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಪೂರ್ವ ಕರ್ಣಾಟಕದ 73 ಗ್ರಾಮಗಳ ಪೈಕಿ 57ರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಮನ್ನು ಮೀರಿತ್ತು. ಕುಡಿಯುವ ನೀರಿಗೆ ಭಾರತದಲ್ಲಿ ಗೊತ್ತುಮಾಡಿರುವ ಮಿತಿ ಅದೇ. ಮಿತಿ ಮೀರಿದ ನೀರನ್ನು ಬಹುಕಾಲ ಕುಡಿದರೆ ಮುಖ್ಯವಾಗಿ ಮೂತ್ರಪಿಂಡಕ್ಕೆ ಹಾನಿ.

ಆದುದರಿಂದ ದೂರದ ಸ್ಥಾವರವನ್ನು ದೂರುತ್ತ ಕೂಡುವುದಕ್ಕಿಂತ ಊರಿನ ಬಾವಿಯನ್ನು ಪರೀಕ್ಷಿಸುವುದೇ ಮೇಲು. ಪ್ರಯೋಗಶಾಲೆಗೆ ನೀರು ಕಳುಹಿಸುವಾಗ ಯುರೇನಿಯಂ ಪರೀಕ್ಷೆಯನ್ನು ಹೆಸರಿಸಿಯೇ ಕೇಳತಕ್ಕದ್ದು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಸೇರದೆ ಇರಬಹುದು. ನೀರನ್ನು ಕುದಿಸಿದರೆ ರೇಡಾನ್ ಹೊರಹೋಗುವುದು, ಯುರೇನಿಯಂ ಉಳಿಯುವುದು. ನೀರು ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುವುದು. ಆರ್.ಓ. ಯಂತ್ರವು ಅದರ ಬಹುಭಾಗವನ್ನು ತೆಗೆಯುವುದು. ಆದರೆ ಯಂತ್ರವು ಹೊರಬಿಟ್ಟ ನೀರನ್ನು ಬಾವಿಯ ಬಳಿ ಇಂಗಗೊಡಕೂಡದು. ಮಳೆನೀರನ್ನು ಶೇಖರಿಸಿ, ಕೆರೆಗಳ ಹೂಳೆತ್ತಿಸಿ, ಇನ್ನೂ ಆಳಕ್ಕೆ ಕೊರೆಯುವ ಅವಶ್ಯಕತೆಯನ್ನು ತಪ್ಪಿಸುವುದು ಗ್ರಾಮದ ಹಿರಿಯರ ಕೈಯಲ್ಲಿದೆ.