ಸೋಂಕಿನ ಅಂಕಿ ಏರಿದರೆ ಗಾಬರಿ ಯಾಕೆ?

‘ಇಂಗ್ಲೆಂಡಿನ ಹುಡುಗ ಹುಡುಗಿಯರಲ್ಲಿ ಲೈಂಗಿಕ ಸೋಂಕು ಜಾಸ್ತಿಯಂತೆ. ಮಗಳನ್ನು ಅಲ್ಲಿಗೆ ಓದಲು ಕಳಿಸಿ ತಪ್ಪು ಮಾಡಿದೆವಾ?’ ಶಿವಮೊಗ್ಗದಿಂದ ಅಕ್ಕನ ಫೋನು. ಇಲ್ಲಿ ನೆಲೆಸಿರುವ ನಮ್ಮಂಥವರಿಗೆ ಊರಿನಿಂದ ಇಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಆ ಅಂಕಿ ಹುಟ್ಟುವ ಬಗೆ ತಿಳಿದರೆ ಅರ್ಧ ಗಾಬರಿ ಇಳಿದೀತು.

ಇಂಗ್ಲೆಂಡಿನಲ್ಲಿ 25 ವರ್ಷದೊಳಗಿನವರಿಗಾಗಿ ಕ್ಲಮೈಡಿಯಾ ತಪಾಸಣೆ ಕಾರ್ಯಕ್ರಮ ಶುರುವಾದದ್ದು 2003ರಲ್ಲಿ. ಬ್ಯಾಕ್ಟೀರಿಯಾದಿಂದ ಬರುವ ಈ ಸೋಂಕು ಬಹಳ ಮಂದಿಯಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಹುಡುಕಿದರಷ್ಟೇ ಸಿಗುತ್ತದೆ. ಅದಕ್ಕೇ ಇಲ್ಲಿನ ಸ್ಥಳೀಯ ಆಡಳಿತಗಳಿಗೆ ಒಂದು ಗುರಿ ಕೊಟ್ಟಿದ್ದಾರೆ: 15ರಿಂದ 24 ವಯಸ್ಸಿನ ಪ್ರತಿ ಒಂದು ಲಕ್ಷ ಯುವತಿಯರಲ್ಲಿ ವರ್ಷಕ್ಕೆ ಕನಿಷ್ಠ 3,250 ಪ್ರಕರಣ ಪತ್ತೆಯಾಗಬೇಕು. ಮೊದಲ ಸಲ ಓದಿದಾಗ ನಮಗೆ ಅಚ್ಚಿನ ತಪ್ಪೆನಿಸಿತ್ತು. ರೋಗ ಇಷ್ಟಿರಲಿ ಎಂದು ಯಾರಾದರೂ ಗುರಿ ಇಡುತ್ತಾರೆಯೇ? ಆದರೆ ಇದು ರೋಗದ ಗುರಿಯಲ್ಲ, ಪತ್ತೆಯ ಗುರಿ. ಅಡಗಿದ್ದು ಹೊರಬಂದರೆ ತಾನೇ ಮದ್ದು ಕೊಡಲು ಸಾಧ್ಯ?

2020ರ ಲಾಕ್‌ಡೌನಿನಲ್ಲಿ ಈ ಅಂಕಿ ಕುಸಿಯಿತು. ಪರೀಕ್ಷೆಗಳೇ ಕಡಿಮೆಯಾಗಿದ್ದವು. 2021ರ ಜೂನ್‌ನಲ್ಲಿ ಇನ್ನೊಂದು ಬದಲಾವಣೆ. ವೈದ್ಯರ ಬಳಿ, ಔಷಧದಂಗಡಿಗಳಲ್ಲಿ ಲಕ್ಷಣವಿಲ್ಲದವರಿಗೂ ತಾವಾಗಿ ಕೇಳಿ ಪರೀಕ್ಷೆ ಮಾಡುವುದನ್ನು ಯುವತಿಯರಿಗೆ ಸೀಮಿತಗೊಳಿಸಿದರು. ಚಿಕಿತ್ಸೆ ಸಿಗದಿದ್ದರೆ ಬಂಜೆತನ, ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದು, ಇಂಥ ಅಪಾಯವೆಲ್ಲ ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಎಂಬುದು ಕಾರಣ. ಹಾಗಾಗಿ ಹುಡುಗರ ಅಂಕಿ ಕಡಿಮೆ ಕಂಡರೆ ಅವರೆಲ್ಲ ಸಾಧುಗಳಾದರು ಎಂದೇನೂ ಅಲ್ಲ!

ಊರಿನಿಂದ ಓದಲು ಬಂದ ಮಕ್ಕಳಿಗೂ ಎನ್‌ಎಚ್‌ಎಸ್‌ನ ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ ಈ ಸೋಂಕುಗಳ ಪರೀಕ್ಷೆ, ಚಿಕಿತ್ಸೆ ಉಚಿತ. ಮೂತ್ರದ ಮಾದರಿ, ಇಲ್ಲವೇ ತಾವೇ ತೆಗೆದುಕೊಳ್ಳುವ ಸ್ವಾಬ್ ಸಾಕು. ಹಲವು ಕಡೆ ಕಿಟ್ ಅಂಚೆಯಲ್ಲೇ ಮನೆಗೆ ಬರುತ್ತದೆ. ಕ್ಲಮೈಡಿಯಾ ಕಂಡುಬಂದರೆ ಸಾಮಾನ್ಯವಾಗಿ 7 ದಿನದ ಮಾತ್ರೆ. ವಿಷಯ ಅಪ್ಪ ಅಮ್ಮನ ಕಿವಿಗೆ ಹೋಗುವುದಿಲ್ಲ.

ಇಷ್ಟನ್ನೂ ಅಕ್ಕನಿಗೆ ಹೇಳಿದೆವು. ‘ಹಾಗಾದರೆ ಅವಳನ್ನು ಏನಂತ ಕೇಳಲಿ?’ ಎಂದಳು. ಏನೂ ಕೇಳಬೇಡ ಅಕ್ಕಾ, ಇಂಥದ್ದೊಂದು ಕ್ಲಿನಿಕ್ ಇದೆ ಅಂತ ಹೇಳು ಸಾಕು ಎಂದೆವು.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ನೀವೇ ಹೇಳಿಬಿಡ್ರೋ’ ಎಂದಳು.