ಇನ್ನೂರೆಂಟು ರೂಪಾಯಿಯ ಬಗ್

‘ಮಗಾ, ನಾನ್ ಇಸ್ಕಂಡಿದ್ದು ಎರಡು ಸಾವ್ರ. ನೀನ್ ಹಿಡ್ಕಂಡಿರೋದು ಸಾವ್ರದ ಏಳ್ನೂರ ತೊಂಬತ್ತೆರಡು. ಇನ್ನೂರೆಂಟು ಯಾಕ್ ಬಿಟ್ಟೆ?’

ಕಳೆದ ಜನವರಿಯ ಒಂದು ಶನಿವಾರ, ನಮ್ಮ ಮನೆಯ ಕಣದಲ್ಲಿ ಬಟವಾಡೆ ನಡೆಯುತ್ತಿತ್ತು. ಸಕಲೇಶಪುರದ ಹತ್ತಿರ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕದಲ್ಲಿ. ಯಾರು ಎಷ್ಟು ಹಣ್ಣು ಕುಯ್ದರು ಎಂದು ಅಮ್ಮ ದಿನಾ ಸಂಜೆ ತೂಗಿ, ಪಟ್ಟಿಯನ್ನು ಹಾಸ್ಟೆಲಿನಲ್ಲಿದ್ದ ನನ್ನ ವಾಟ್ಸ್ಆ್ಯಪ್‌ಗೆ ಕಳಿಸುತ್ತಿದ್ದಳು. ನಾನು ಅದನ್ನು ಒಂದು ಫೈಲಿಗೆ ಹಾಕಿ, ಮೊದಲ ವರ್ಷದಲ್ಲಿ ಕಲಿತ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಓಡಿಸಿ, ಮುಂಗಡ ಕಳೆದು ಉಳಿದದ್ದು ಎಷ್ಟೆಂದು ಶನಿವಾರ ಓದಿ ಹೇಳುವುದು. ಅಪ್ಪನಿಗೆ ಅದೊಂದು ಹೆಮ್ಮೆ. ‘ನಮ್ದೆಲ್ಲ ಈಗ ಕಂಪ್ಯೂಟರ್ ಲೆಕ್ಕ’ ಎಂದು ಪಕ್ಕದ ತೋಟದವರಿಗೆ ಹೇಳಿಯೂ ಆಗಿತ್ತು.

ಪುಟ್ಟಮ್ಮ ಶಾಲೆಗೆ ಹೋದವರಲ್ಲ. ಬಾಯಿಲೆಕ್ಕದಲ್ಲಿ ಅವರನ್ನು ಸೋಲಿಸುವವರು ನಮ್ಮ ತರಗತಿಯಲ್ಲಿ ಯಾರೂ ಇಲ್ಲ. ಇನ್ನೂರೆಂಟು ರೂಪಾಯಿ ತಮಗೆ ಲಾಭವಾಗಿದ್ದರೂ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಅದನ್ನು ಹುಡುಕಲು ಭಾನುವಾರ ಪೂರ್ತಿ ಹೋಯಿತು. ಪ್ರತಿಯೊಬ್ಬರಿಗೂ ನಾನು ಮೆಮೊರಿಯಲ್ಲಿ ಒಂದು ಸಾಲು ಕೊಟ್ಟಿದ್ದೆ: ಹೆಸರಿಗೆ 20 ಬೈಟ್, ಅದರ ಪಕ್ಕ ತೂಕಕ್ಕೆ 4, ಅದರ ಪಕ್ಕ ಮುಂಗಡಕ್ಕೆ 4. ಇಪ್ಪತ್ತಕ್ಷರ ಮೀರುವ ಹೆಸರು ನಮ್ಮ ಊರಲ್ಲಿ ಯಾರಿಗಿದೆ ಎಂದುಕೊಂಡಿದ್ದೆ. ಆದರೆ ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಒತ್ತಿಗೆ, ಗುಣಿತಕ್ಕೆ, ನಡುವಿನ ಅರ್ಧಾಕ್ಷರದ ಗುರುತಿಗೆ ಎಲ್ಲಕ್ಕೂ ಬೇರೆ ಬೇರೆ ಮೂರು. ಎಲ್ಲರೂ ಕರೆಯುವಂತೆ ನಾನು ಮೊದಲು ‘ಪುಟ್ಟಿ’ ಎಂದು ಬರೆದಿದ್ದೆ. 18 ಬೈಟ್, ಸಮಸ್ಯೆಯಿಲ್ಲ. ಅದನ್ನು ನೋಡಿದ ಅಮ್ಮ ‘ಅಷ್ಟು ದೊಡ್ಡವ್ರನ್ನ ಪುಟ್ಟಿ ಅಂತ ಬರೀತಾರೇನೋ?’ ಎಂದು ಬೈದಳು. ತಿದ್ದಿದೆ. ‘ಪುಟ್ಟಮ್ಮ’ ಎಂದರೆ 24 ಬೈಟ್. ಸಿ ಭಾಷೆ ಹೆಸರಿನ ಕೊನೆಗೆ ಇಡುವ ಸೊನ್ನೆ ಸರಿಯಾಗಿ 25ನೆಯ ಮನೆಗೆ, ಅಂದರೆ ಮುಂಗಡದ ಮೊದಲ ಬೈಟಿಗೆ ಹೋಗಿ ಕೂತಿತ್ತು. 2000 ಎಂದರೆ 256ರ ಏಳು ಕಟ್ಟು, ಮೇಲೆ 208 ಬಿಡಿ. ಬಿಡಿ ಇದ್ದ ಬೈಟ್ ಸೊನ್ನೆಯಾಗಿ 1792 ಉಳಿಯಿತು. ತೂಕವನ್ನು ವಾರವಾರ ಹೊಸದಾಗಿ ತುಂಬುತ್ತಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ.

ನಿಜ ಹೇಳಬೇಕೆಂದರೆ ಸೂಚನೆ ಮೊದಲೇ ಸಿಕ್ಕಿತ್ತು. ಡಿಸೆಂಬರಿನಲ್ಲಿ, ಒಂದು ರೂಪಾಯಿ ಮುಂಗಡ ಪಡೆಯದ ಲಕ್ಷ್ಮಮ್ಮನ ಹೆಸರಿನ ಮುಂದೆ 1,14,49,056 ರೂಪಾಯಿ ಮುಂಗಡ ಬಂದಿತ್ತು. ಕಣವೆಲ್ಲ ನಕ್ಕಿತು. ನಾನೂ ನಕ್ಕು, ಕೈಯಿಂದ ಸೊನ್ನೆ ಒತ್ತಿ ಮುಂದೆ ಹೋದೆ. ಹೆಸರಿನ ಕೊನೆಯಲ್ಲಿ ಚೌಕ ಕಾಣುತ್ತಿದ್ದುದಕ್ಕೆ ಫಾಂಟ್ ಸರಿಯಿಲ್ಲ ಎಂದುಕೊಂಡೆ. ಕೋಟಿಯ ತಪ್ಪು ಕಣ್ಣಿಗೆ ಬೀಳುತ್ತದೆ. ಇನ್ನೂರೆಂಟರದು ಬೀಳುವುದಿಲ್ಲ.

ಹಾಸ್ಟೆಲಿನಲ್ಲಿ ಈ ಕಥೆ ಕೇಳಿದ ಸೀನಿಯರ್ ಒಬ್ಬರು ‘ರಸ್ಟ್‌ನಲ್ಲಿ ಬರೆದು ನೋಡು’ ಎಂದರು. ಹೆಸರು ಕೇಳಿ ನನಗೆ ನೆನಪಾದದ್ದು ಎಲೆ ತುಕ್ಕು ರೋಗ. ಅಪ್ಪ ಬೋರ್ಡೋ ದ್ರಾವಣ ಸಿಂಪಡಿಸುವುದೇ ಅದಕ್ಕೆ. ತಮಾಷೆಯೆಂದರೆ ಭಾಷೆಗೆ ಆ ಹೆಸರು ಬಂದದ್ದೂ ತುಕ್ಕು ರೋಗದ ಶಿಲೀಂಧ್ರಗಳಿಂದಲೇ. ಅದನ್ನು ಹುಟ್ಟುಹಾಕಿದ ಗ್ರೇಡನ್ ಹೋರ್ 2006ರಲ್ಲಿ ಮೊಜಿಲ್ಲಾದಲ್ಲಿದ್ದರು. ಕೆನಡಾದ ವ್ಯಾಂಕೂವರ್‌ನಲ್ಲಿ ಅವರಿದ್ದ ಕಟ್ಟಡದ ಲಿಫ್ಟ್ ಸಾಫ್ಟ್‌ವೇರ್ ದೋಷದಿಂದ ಕೆಟ್ಟು ನಿಂತು, 21ನೇ ಮಹಡಿಗೆ ಮೆಟ್ಟಿಲು ಹತ್ತಬೇಕಾಯಿತಂತೆ. ಮೆಮೊರಿಯಲ್ಲಿ ಪಕ್ಕದ ಮನೆಗೆ ನುಗ್ಗದ ಭಾಷೆಯೊಂದು ಬೇಕು ಎಂದು ಅವರು ಹೊರಟರು. 2015ರ ಮೇ 15ರಂದು 1.0 ಆವೃತ್ತಿ ಬಂತು. 2022ರ ಡಿಸೆಂಬರಿನಲ್ಲಿ ಲಿನಕ್ಸ್ ಕರ್ನಲ್ಲಿಗೂ ಕಾಲಿಟ್ಟಿತು.

ಕಲಿಯುವುದು ಸುಲಭ ಎಂದು ಹೇಳಲಾರೆ. ಮೊದಲ ಮೂರು ಸಂಜೆ ಕಂಪೈಲರ್ ಜೊತೆ ಜಗಳವೇ. ಲೆಕ್ಕದ ಪುಸ್ತಕಕ್ಕೆ ಒಬ್ಬರೇ ಯಜಮಾನರು; ಎಷ್ಟು ಜನ ಬೇಕಾದರೂ ಬಗ್ಗಿ ನೋಡಬಹುದು, ಆದರೆ ಒಬ್ಬರು ಬರೆಯುವಾಗ ಉಳಿದವರು ಮುಟ್ಟುವಂತಿಲ್ಲ. ಇದು ರಸ್ಟ್‌ನ ಕಟ್ಟಳೆ. ಹೆಸರನ್ನು ಪಟ್ಟಿಗೆ ಕೊಟ್ಟ ಮೇಲೆ ಮುಂದಿನ ಸಾಲಿನಲ್ಲಿ ಅದೇ ಹೆಸರನ್ನು ಪ್ರಿಂಟ್ ಮಾಡಹೋದರೆ, ‘ಅದು ಈಗ ನಿನ್ನದಲ್ಲ, ಕೊಟ್ಟುಬಿಟ್ಟಿದ್ದೀಯ’ ಎಂಬರ್ಥದ ಎರರ್. ಸಿಟ್ಟು ಬರುತ್ತಿತ್ತು. ಆದರೆ ಯಾವ ಸಾಲಿನಲ್ಲಿ ಕೊಟ್ಟೆ, ಎಲ್ಲಿ ಮತ್ತೆ ಕೇಳಿದೆ ಎಂದು ಬಾಣದ ಗುರುತು ಹಾಕಿ ತೋರಿಸುವ ತಾಳ್ಮೆ ನಮ್ಮ ಲ್ಯಾಬ್‌ನಲ್ಲಿ ನಾನು ಕಂಡದ್ದಲ್ಲ. ಭಾಷೆಯ ಅಧಿಕೃತ ಪುಸ್ತಕ ಅಂತರ್ಜಾಲದಲ್ಲಿ ಉಚಿತ. ರಸ್ಟ್‌ಲಿಂಗ್ಸ್ ಎಂಬ ಪುಟ್ಟ ಪುಟ್ಟ ಅಭ್ಯಾಸಗಳೂ ಉಚಿತ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಆಗುವಷ್ಟರಲ್ಲಿ ಟೀ ಕುಡಿದು ಬರಬಹುದು, ಅದೊಂದು ಬೇರೆ. ಹೆಸರು ಎಷ್ಟುದ್ದ ಇದ್ದರೂ ಅದಕ್ಕೆ ಬೇಕಾದ ಜಾಗವನ್ನು ರಸ್ಟ್‌ನ ಸ್ಟ್ರಿಂಗ್ ತಾನೇ ಮಾಡಿಕೊಳ್ಳುತ್ತದೆ. ಪುಟ್ಟಮ್ಮನ ಎರಡು ಸಾವಿರ ಎರಡು ಸಾವಿರವಾಗಿಯೇ ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ, ಕಳೆದ ಸುಗ್ಗಿಯ ಪಟ್ಟಿಗಳನ್ನೆಲ್ಲ ಹೊಸ ಪ್ರೋಗ್ರಾಮಿಗೆ ಕೊಟ್ಟು ನೋಡಿದೆ. ಅರ್ಧಕ್ಕೇ ನಿಂತಿತು. ‘ಇಲ್ಲಿ ಅಂಕಿಯಲ್ಲದ್ದು ಇದೆ’ ಎಂಬ ದೂರು. ತೆರೆದು ನೋಡಿದರೆ ಅಂಕಿಯೇ ಇದೆ: ೪೬. ಇನ್ನೊಂದು ದಿನದ ಸಾಲಿನಲ್ಲಿ ೫೧. ಎರಡೂ ಒಬ್ಬರದೇ. ಗಡಿಬಿಡಿಯಲ್ಲಿ ಅಮ್ಮ ಆ ಎರಡು ಸಲ ಕನ್ನಡ ಅಂಕಿ ಒತ್ತಿದ್ದಳು. ರಸ್ಟ್‌ಗೂ ಕನ್ನಡ ಅಂಕಿ ತಾನಾಗಿ ಓದಲು ಬರುವುದಿಲ್ಲ. ಆದರೆ ಬರುವುದಿಲ್ಲ ಎಂದು ಹೇಳುತ್ತದೆ. ನನ್ನ ಸಿ ಪ್ರೋಗ್ರಾಮಿನಲ್ಲಿ ಪಠ್ಯವನ್ನು ಸಂಖ್ಯೆ ಮಾಡಲು ಬಳಸಿದ್ದ ಫಂಕ್ಷನ್ ತಿಳಿಯದಿದ್ದಲ್ಲಿ ಸುಮ್ಮನೆ ಸೊನ್ನೆ ಕೊಟ್ಟಿತ್ತು. 97 ಕೆ.ಜಿ. ಹಣ್ಣಿನ ಕೂಲಿ ಕೊಟ್ಟಿರಲೇ ಇಲ್ಲ.

ಅಮ್ಮನಿಗೆ ಹೇಳಿದೆ. ಅವಳು ಏನೂ ಮಾತಾಡದೆ ದುಡ್ಡು ಎಣಿಸಿ, ‘ನೀನೂ ಬಾ’ ಎಂದಳು. ಆ ಹೆಂಗಸಿನ ಮನೆಯ ಜಗುಲಿಯಲ್ಲಿ ಕೂತು ನಾನು ಬೈಟು, ಅಂಕಿ ಎಂದು ಏನೇನೋ ವಿವರಿಸಲು ಹೋದೆ. ಅವರು ದುಡ್ಡನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ ಅಂದರು: ‘ಕಮ್ಮಿ ಆಗೈತೆ ಅಂತ ಅನ್ನಿಸ್ತು ಕಣಪ್ಪ. ಕಂಪ್ಯೂಟರೇ ಹೇಳ್ತೈತಲ್ಲ ಅಂತ ಸುಮ್ಕಾದೆ.’

ನಮ್ಮ ಕಾಲೇಜಿಗೆ ಬರುವ ಕಂಪನಿಗಳು ಕೇಳುವುದು ಜಾವಾ, ಪೈಥಾನ್. ರಸ್ಟ್ ಕಲಿತರೆ ಕೆಲಸ ಸಿಗುತ್ತದಾ ಎಂದು ಗೆಳೆಯರು ಕೇಳುತ್ತಾರೆ. ಸದ್ಯಕ್ಕೆ ಅದೊಂದನ್ನೇ ನಂಬಬೇಡಿ ಎನ್ನುತ್ತೇನೆ. ಸಿ ಭಾಷೆಯನ್ನು ದೂರುವುದೂ ತಪ್ಪು. ಅಳತೆ ನೋಡದೆ ಹೆಸರು ತುಂಬಿದವನು ನಾನು. ರಸ್ಟ್‌ನಲ್ಲೂ ತಪ್ಪು ಉತ್ತರ ಬರುವಂತೆ ಬರೆಯಬಹುದು. ಕನ್ನಡ ಅಂಕಿಯ ಸಂಕೇತದಿಂದ 3302 ಕಳೆಯುವ ಬದಲು 3301 ಕಳೆದು, ಎಲ್ಲರಿಗೂ ಕೂಲಿ ಹೆಚ್ಚಿಸಿದ್ದೂ ಆಯಿತು. ಅದನ್ನು ಯಾವ ಕಂಪೈಲರೂ ಹಿಡಿಯಲಿಲ್ಲ. ಈಗ ಪ್ರತಿ ಹೆಸರಿನ ಮುಂದೆ ಮೊತ್ತದ ಜೊತೆಗೆ ದಿನದಿನದ ತೂಕವನ್ನೂ ಸಾಲಾಗಿ ಬರುವಂತೆ ಮಾಡಿದ್ದೇನೆ. ಬಟವಾಡೆಯಲ್ಲಿ ಅದನ್ನು ಒಂದೊಂದಾಗಿ ಓದಿ ಹೇಳುವುದು, ಅವರು ಹೂಂ ಅಂದ ಮೇಲೆ ಮುಂದಿನದು.

ಒಂದು ಮಾತ್ರ ಇನ್ನೂ ಬಾಕಿ. ಪ್ರಿಂಟ್ ತೆಗೆದರೆ ಅಂಕಿಗಳ ಸಾಲು ನೆಟ್ಟಗೆ ನಿಲ್ಲುವುದಿಲ್ಲ. ‘ಪುಟ್ಟಮ್ಮ’ ನಮ್ಮ ಕಣ್ಣಿಗೆ ಮೂರಕ್ಷರ, ರಸ್ಟ್ ಎಣಿಸುವುದು ಎಂಟು. ಹಾಗಾಗಿ ಜಾಗ ಬಿಡುವುದರಲ್ಲಿ ಹೆಚ್ಚುಕಮ್ಮಿ. ಅಮ್ಮ ನೋಡಿ ‘ಇದೇನೋ, ಹಾವು ಹರಿದ ಹಂಗಿದೆ’ ಎಂದಳು. ಕೊಯ್ಲಿಗೆ ಇನ್ನೂ ಎರಡು ತಿಂಗಳಿದೆ, ಅಷ್ಟರಲ್ಲಿ ನೋಡಬೇಕು.