ಹೊತ್ತದ ಬೆಂಕಿ, ಆರದ ಹೊಗೆ

‘ಬ್ರಾ ಸುಟ್ಟವರು’ ಎಂಬುದು ಸ್ತ್ರೀವಾದಿಗಳನ್ನು ಹಂಗಿಸಲು ಅರ್ಧ ಶತಮಾನದಿಂದ ಚಾಲ್ತಿಯಲ್ಲಿರುವ ಮಾತು. ಸ್ತ್ರೀವಾದಿಯೆಂದರೆ ಅಲಂಕಾರದ ವೈರಿ, ಹೆಣ್ತನ ಕಂಡರಾಗದವಳು ಎಂಬ ನಂಬಿಕೆಗೂ ಅದೇ ಬುನಾದಿ. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ಇಲ್ಲಿ ಮಾತ್ರ ಬೆಂಕಿಯೇ ಇರಲಿಲ್ಲ.

1968ರ ಸೆಪ್ಟೆಂಬರ್ 7. ಅಮೆರಿಕದ ನ್ಯೂಜೆರ್ಸಿಯ ಕಡಲತೀರದ ಊರು ಅಟ್ಲಾಂಟಿಕ್ ಸಿಟಿ. 1921ರಲ್ಲಿ ಅಲ್ಲೇ ಶುರುವಾಗಿದ್ದ ‘ಮಿಸ್ ಅಮೆರಿಕ’ ಸ್ಪರ್ಧೆಗೆ ಸಭಾಂಗಣ ಸಜ್ಜಾಗಿತ್ತು. ಹೊರಗೆ, ಮರದ ಹಲಗೆ ಹಾಸಿದ ಕಾಲುದಾರಿಯಲ್ಲಿ ‘ನ್ಯೂಯಾರ್ಕ್ ರ‍್ಯಾಡಿಕಲ್ ವಿಮೆನ್’ ಗುಂಪಿನವರು ಪ್ರತಿಭಟನೆಗೆ ನಿಂತರು. ಜೀವಂತ ಕುರಿಯೊಂದಕ್ಕೆ ಕಿರೀಟ ತೊಡಿಸಿದರು. ಜಾತ್ರೆಯಲ್ಲಿ ರಾಸುಗಳ ಮೈಕಟ್ಟು ನೋಡಿ ಬಹುಮಾನ ಕೊಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬುದು ಅವರ ಪ್ರಶ್ನೆಯಾಗಿತ್ತು.

ಪಕ್ಕದಲ್ಲೇ ‘ಸ್ವಾತಂತ್ರ್ಯದ ಕಸದ ಡಬ್ಬಿ’ ಇತ್ತು. ಎತ್ತರ ಹಿಮ್ಮಡಿಯ ಚಪ್ಪಲಿ, ಸೊಂಟ ಬಿಗಿಯುವ ಗರ್ಡಲ್, ಕೃತಕ ರೆಪ್ಪೆ, ಕೂದಲಿಗೆ ಸುತ್ತುವ ಕರ್ಲರ್, ‘ಪ್ಲೇಬಾಯ್’ ಪತ್ರಿಕೆ, ನೆಲ ಒರೆಸುವ ಮಾಪ್, ಜೊತೆಗೆ ಬ್ರಾಗಳು ಒಂದೊಂದಾಗಿ ಅದರೊಳಗೆ ಬಿದ್ದವು. ಆ ರಾಶಿಯಲ್ಲಿ ಮಾಪ್ ಇದ್ದುದನ್ನು ಗಮನಿಸಬೇಕು. ಗಂಡಸಿನ ಕಣ್ಣು ತಣಿಸುವುದು, ಮನೆ ಒರೆಸುವುದು ಎರಡನ್ನೂ ಸೇರಿಸಿ ಹೆಣ್ತನವೆಂದು ಕರೆದದ್ದರ ಮೇಲೆ ಅವರಿಗೆ ಸಿಟ್ಟಿತ್ತು.

ಡಬ್ಬಿಗೆ ಬೆಂಕಿ ಹಚ್ಚುವ ಆಲೋಚನೆ ಮೊದಲು ಇದ್ದದ್ದು ನಿಜ. ಮರದ ಹಲಗೆಗಳ ಮೇಲೆ ಅದಕ್ಕೆ ಅನುಮತಿ ಸಿಗಲಿಲ್ಲ. ಆದರೆ ಪ್ರತಿಭಟನೆಗೆ ಮುಂಚೆಯೇ ‘ನ್ಯೂಯಾರ್ಕ್ ಪೋಸ್ಟ್’ನಲ್ಲಿ ಬ್ರಾ ಸುಡುವ ಸುದ್ದಿ ಅಚ್ಚಾಗಿಬಿಟ್ಟಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲದ ಯುವಕರು ಸೇನಾ ಭರ್ತಿಯ ಕಾರ್ಡು ಸುಡುತ್ತಿದ್ದ ಕಾಲವದು. ಅದರ ಜೊತೆ ಹೋಲಿಸಿದರೆ ಹೆಂಗಸರ ಹೋರಾಟಕ್ಕೂ ತೂಕ ಬಂದೀತು ಎಂಬುದು ವರದಿಗಾರ್ತಿ ಲಿಂಡ್ಸಿ ವಾನ್ ಗೆಲ್ಡರ್ ಅವರ ಎಣಿಕೆ. ಆದದ್ದು ಉಲ್ಟಾ. ಒಬ್ಬ ಕಪ್ಪು ಮಹಿಳೆಯೂ ಆ ಸ್ಪರ್ಧೆಯ ಅಂತಿಮ ಹಂತ ತಲುಪಿಲ್ಲ, ಗೆದ್ದವಳನ್ನು ಸೈನಿಕರ ಹುರುಪಿಗೆಂದು ವಿಯೆಟ್ನಾಂಗೆ ಕಳಿಸುತ್ತಾರೆ, ಪ್ರಾಯೋಜಕರ ಸರಕು ಮಾರಲು ಬಳಸುತ್ತಾರೆ ಎಂಬ ಆಕ್ಷೇಪಗಳೆಲ್ಲ ಮೂಲೆಗುಂಪಾಗಿ, ಸುಡದ ಬ್ರಾ ಒಂದೇ ಉಳಿಯಿತು.

ಅದೇ ರಾತ್ರಿ ಅದೇ ಊರಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಮೊದಲ ‘ಮಿಸ್ ಬ್ಲ್ಯಾಕ್ ಅಮೆರಿಕ’ ಸ್ಪರ್ಧೆಯೂ ನಡೆಯಿತು. ಸಾಂಡ್ರಾ ವಿಲಿಯಮ್ಸ್ ತಮ್ಮ ಸಹಜ ಗುಂಗುರು ಕೂದಲಿನಲ್ಲೇ ಕಿರೀಟ ತೊಟ್ಟರು. ಕಪ್ಪು ಹೆಣ್ಣೂ ಚೆಲುವೆ ಎಂದು ಸಾರುವುದೇ ಅವರಿಗೆ ಹೋರಾಟವಾಗಿತ್ತು. ಒಂದು ಕಡೆ ಕಿರೀಟದ ನಿರಾಕರಣೆ, ಇನ್ನೊಂದು ಕಡೆ ಅದರ ಮೇಲೆ ಹಕ್ಕುಸ್ಥಾಪನೆ. ಎರಡೂ ಕಡೆಯವರು ಮುರಿಯಹೊರಟದ್ದು ಹೆಣ್ತನದ ಒಂದೇ ಅಚ್ಚನ್ನು. ಪ್ರತಿಭಟನೆಯಲ್ಲಿದ್ದ ಕ್ಯಾರಲ್ ಹ್ಯಾನಿಶ್ ಕೂಡ, ಸ್ಪರ್ಧಿಗಳನ್ನೇ ಹೀಯಾಳಿಸುವಂತಿದ್ದ ಫಲಕಗಳು ಅವರನ್ನು ಸೋದರಿಯರೆಂದು ಕಾಣಲಿಲ್ಲ ಎಂದು ಅದೇ ವರ್ಷ ಬರೆದರು.

ಇಂಥದೇ ಜಗಳ ನಮ್ಮಲ್ಲೂ ನಡೆದಿದೆ. 1996ರ ನವೆಂಬರ್ 23ರಂದು ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂತು. ವಿರೋಧದ ಬಿಸಿಗೆ ಈಜುಡುಗೆಯ ಸುತ್ತು ಸೇಶೆಲ್ಸ್‌ಗೆ ಹೋಯಿತು. ಹೆಣ್ಣಿನ ದೇಹ ಮಾರುಕಟ್ಟೆಯ ಸರಕಲ್ಲ ಎಂದವರೂ, ಭಾರತೀಯ ನಾರಿಯ ಮಾನ ಹೋಯಿತು ಎಂದವರೂ ಆಗ ಬೀದಿಯಲ್ಲಿದ್ದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮಾನದ ಮಾತಾಡಿದವರ ಕೈಯಲ್ಲಿ ಮತ್ತೊಂದು ಅಚ್ಚಿತ್ತು. ಲಜ್ಜೆಯೇ ಭೂಷಣ, ತಗ್ಗಿ ಬಗ್ಗಿ ನಡೆದರೆ ಮಾತ್ರ ಹೆಣ್ಣು ಎನ್ನುವ ಅಚ್ಚದು. ಸ್ತ್ರೀವಾದಕ್ಕೆ ಅದರೊಂದಿಗೂ ಅಷ್ಟೇ ತಕರಾರಿದೆ.

ತುರುಬಿಗೆ ಮಲ್ಲಿಗೆ ಮುಡಿದು ಸಮಾನ ಕೂಲಿ ಕೇಳುವವಳು ಪೂರಾ ಸ್ತ್ರೀವಾದಿಯೇ. ಮುತ್ತೈದೆ ಮುಡಿಯಲೇಬೇಕು, ಗಂಡ ಸತ್ತ ಮೇಲೆ ಮುಟ್ಟಲೂಕೂಡದು ಎಂದು ಬೇರೆಯವರು ತೀರ್ಮಾನಿಸುವುದರ ವಿರುದ್ಧವೇ ಅವಳ ಜಗಳ.